ಹಸುವಿಗೆ ಹೇಳಿದ ಮಾತು

ತಮಿಳುನಾಡಿನ ಕೊಂಬೈಯ ನಮ್ಮ ಕನ್ನಡದವರ ಬೀದಿಯಲ್ಲಿ ಮಾತು ಬಿಟ್ಟವರು ಆಡುವಷ್ಟು ಮಾತನ್ನು ಮಾತಿನಲ್ಲಿರುವವರು ಆಡುವುದಿಲ್ಲ. ಮುಖ ನೋಡಿ ಆಡಬಾರದು, ಅಷ್ಟೇ. ಹಸುವಿಗೆ ಹೇಳಬಹುದು, ಕೋಳಿಗೆ ಹೇಳಬಹುದು, ಒರಳುಕಲ್ಲಿಗೂ ಹೇಳಬಹುದು. "ಉಂಡ ಮನೆಗೇ ಎರಡು ಬಗೆಯೋ ಜಾತಿ, ಥೂ!" ಎಂದು ಕೋಳಿಗೆ ಬೈದರೆ ಪಕ್ಕದ ಮನೆಯವಳಿಗೆ ತಲುಪುತ್ತದೆ, ಅವಳು ತನ್ನ ಒರಳುಕಲ್ಲಿಗೆ ಉತ್ತರ ಹೇಳುತ್ತಾಳೆ. ಇದಕ್ಕೆ ಜಾಡೆ ಮಾತು ಎಂದು ಹೆಸರು. ಜಾಡೆಯಲ್ಲಿ ಒಂದು ಒಳ್ಳೆಯ ಮಾತು ಬಂದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿಲ್ಲ. ಒಳ್ಳೆಯದು ಹೇಳುವ ಮನಸ್ಸಿದ್ದರೆ ಮುಖ ನೋಡಿಯೇ ಹೇಳುತ್ತಿದ್ದರಲ್ಲ.

ಕಣ್ಣಮ್ಮಾಳ್ ಮತ್ತು ವೆಳ್ಳೈಯಮ್ಮಾಳ್ ವಾರಗಿತ್ತಿಯರು. ಗಂಡಂದಿರಾದ ಅಣ್ಣತಮ್ಮ ಇಬ್ಬರೂ ಜಗಳವಾಡದೆ ಬದುಕಿ, ಜಗಳವಾಡದೆ ಸತ್ತುಹೋದರು. ಪಾಪ, ಆಡಲು ಅವರಿಗೆ ಸರದಿಯೇ ಸಿಗಲಿಲ್ಲ. ಮನೆಗಳು ಒತ್ತಿಗೆ ಒತ್ತಾಗಿವೆ, ನಡುವೆ ಒಬ್ಬರು ಮೈ ತಿರುಗಿಸಿಕೊಂಡು ಹೋಗುವಷ್ಟು ಸಂದು. ಕಣ್ಣಮ್ಮಾಳ್ ಬಚ್ಚಲ ಗೋಡೆಗೆ ಎದುರಾಗಿ ವೆಳ್ಳೈಯಮ್ಮಾಳ್ ಅಡುಗೆಮನೆಯ ಕಿಟಕಿ.

ಹಿರಿಯಳಾದ ಕಣ್ಣಮ್ಮಾಳ್‌ಗೆ ಒಬ್ಬಳೇ ಮಗಳು, ಮುತ್ತುಸೆಲ್ವಿ. ಕಿರಿಯಳಾದ ವೆಳ್ಳೈಯಮ್ಮಾಳ್‌ಗೆ ಮಕ್ಕಳಿಲ್ಲ. ಕಣ್ಣಮ್ಮಾಳ್ ದ್ರಾಕ್ಷಿ ತೋಟ, ಗದ್ದೆ, ಆಳುಕಾಳು ಎಂದು ಬೆಳಗಿನಿಂದ ಸಂಜೆವರೆಗೆ ಹೊರಗೇ ಇರುತ್ತಿದ್ದಳು. ಕೂಸಿಗೆ ಉಣ್ಣಿಸಿದ್ದು, ತಲೆ ಬಾಚಿದ್ದು, ಜ್ವರ ಬಂದಾಗ ಎದೆಗವಚಿಕೊಂಡು ಕೂತದ್ದು ವೆಳ್ಳೈಯಮ್ಮಾಳ್. ಆಗೆಲ್ಲ ಕಣ್ಣಮ್ಮಾಳ್‌ಗೆ ಅದು ಅನುಕೂಲವಾಗಿತ್ತು. ಮುತ್ತುಸೆಲ್ವಿಯ ನಿಶ್ಚಿತಾರ್ಥದ ದಿನ, ದಿಂಡುಕಲ್ಲಿನಿಂದ ಬಂದ ಗಂಡಿನ ಕಡೆಯವರ ಎದುರಿಗೆ, "ಹೋಗವ್ವ, ನಿಮ್ಮವ್ವನ ಕಾಲಿಗೆ ಬೀಳು" ಎಂದು ಯಾರೋ ಹೇಳಿದರು. ಹುಡುಗಿ ಯೋಚನೆ ಮಾಡದೆ ನೇರವಾಗಿ ಹೋಗಿ ವೆಳ್ಳೈಯಮ್ಮಾಳ್ ಕಾಲಿಗೆ ಬಿದ್ದಳು. ಅಲ್ಲಿಗೆ ಮುಗಿಯಿತು.

ನಮ್ಮವರು ಸಂಬಂಧ ಕಡಿದುಕೊಳ್ಳುವುದು ದೇವರ ಹಸುಗಳ ದೊಡ್ಡಿಯ ಮುಂದೆ. ಹಿರಿಯರು ಒಂದು ಹುಲ್ಲುಕಡ್ಡಿ ಮುರಿದು ಎರಡು ಕಡೆಗೆ ಎಸೆಯುತ್ತಾರೆ. ಆಮೇಲೆ ಆ ಎರಡು ಮನೆಗಳ ನಡುವೆ ಬೆಂಕಿಯಿಲ್ಲ, ನೀರಿಲ್ಲ, ಮಾತಿಲ್ಲ. ಮೊದಲು ಬಾಯಿ ಬಿಟ್ಟವರ ಮೇಲೆ ಆಣೆ ಬೀಳುತ್ತದೆ. ನಡುವೆ ಮಾತು ಸಾಗಿಸಿದವರಿಗೂ ಅದರಲ್ಲಿ ಪಾಲುಂಟು. ಯಾವುದರ ಮೇಲೆ ಆಣೆ ಎಂದು ಹಿರಿಯರಾದ ಪಳನಿಸಾಮಿ ಗೌಡರು ಕೇಳಿದಾಗ ಕಣ್ಣಮ್ಮಾಳ್ ಎದೆ ಸೆಟೆಸಿ, "ನಾ ಹೆತ್ತ ಕೂಸಿನ ಮ್ಯಾಲೆ" ಎಂದಳು. ವೆಳ್ಳೈಯಮ್ಮಾಳ್ ತಲೆ ತಗ್ಗಿಸಿ, "ನಾ ಸಾಕಿದ ಕೂಸಿನ ಮ್ಯಾಲೆ" ಎಂದಳು. ಎರಡೂ ಒಂದೇ ಕೂಸು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾವ ಗಂಡಸೂ ತಡೆಯಲಿಲ್ಲ. ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋದರು.

ಮದುವೆಯನ್ನು ವೆಳ್ಳೈಯಮ್ಮಾಳ್ ಕಿಟಕಿಯಿಂದ ನೋಡಿದಳು. ಮುತ್ತುಸೆಲ್ವಿ ಗಂಡು ಹೆತ್ತು ಬಾಣಂತನಕ್ಕೆ ಬಂದಾಗಲೂ ಕಿಟಕಿಯಿಂದಲೇ ನೋಡಿದಳು. ಒಂದು ಸಲ ಹಿತ್ತಲಲ್ಲಿ ಯಾರೂ ಇಲ್ಲದಾಗ ಹುಡುಗಿ ಏನೂ ಮಾತಾಡದೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಬೇಲಿಯ ಕಡೆಗೆ ತೋರಿಸಿದಳು. ವೆಳ್ಳೈಯಮ್ಮಾಳ್ ಆ ದಿನವೆಲ್ಲ ಸಂತೋಷಕ್ಕೆ ಊಟವನ್ನೇ ಮರೆತಳು.

ಅಳಿಯ ಮುತ್ತುಕುಮಾರ್‌ಗೆ ದಿಂಡುಕಲ್ಲಿನಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಬಾಣಂತಿಗೆ ಕೊಡಗಟ್ಟಲೆ ಬಿಸಿನೀರು ಬೇಕು, ಅತ್ತೆ ಸೌದೆ ಒಲೆ ಊದಿ ಊದಿ ಸಾಯುವುದು ಬೇಡ ಎಂದು ಅಂಗಡಿಯಿಂದಲೇ ಒಂದು ಗ್ಯಾಸ್ ಬಾಯ್ಲರ್ ಕಳಿಸಿದ. ಕೂಡಿಸಲು ಬತ್ತಲಗುಂಡಿನ ಕಾರ್ತಿಯನ್ನೂ ಕಳಿಸಿದ. ಕಾರ್ತಿ ಕೆಲಸ ಬಲ್ಲವನೇ. ಕೆಲಸಕ್ಕಿಂತ ಬಾಯಿ ಜಾಸ್ತಿ, ಬಾಯಿಗಿಂತ ಹೊಟ್ಟೆ ಜಾಸ್ತಿ.

ಮನೆ ಸುತ್ತ ನೋಡಿ ಅವನು ಮೊದಲು ಸರಿಯಾದ್ದನ್ನೇ ಹೇಳಿದ. ತಮಿಳು ಬೆರೆಸಿದ ನಮ್ಮ ಮಾತು ಅವನಿಗೂ ಬರುತ್ತಿತ್ತು. "ಅಮ್ಮಾ, ಇದು ಬಚ್ಚಲೊಳಗೆ ಬೇಡ. ಹಿಂದಿನ ಗೋಡೆಗೆ, ಹೊರಗೆ, ಸಜ್ಜಾ ಕೆಳಗೆ ನೇತಾಕ್ತೀನಿ. ಹೊಗೆ ತೆಂಗಿನ ತೋಟಕ್ಕೆ ಹೋಯ್ತದೆ, ಒಳಕ್ಕೆ ಬಿಸಿನೀರು ಮಾತ್ರ ಬತ್ತದೆ."

"ಹೊರಗೆ ಬೇಡ. ಕಣ್ಣು ಬೀಳ್ತದೆ" ಎಂದಳು ಕಣ್ಣಮ್ಮಾಳ್. "ಬಚ್ಚಲೊಳಗೇ ಇಡು. ಹೊಗೆ ಪೈಪು ಈ ಸಂದಿನ ಗೋಡೆಗೆ ಬಿಡು."

"ಸಂದಾ? ಎದುರಿಗೆ ಕಿಟಕಿ ಅದೆಯಲ್ಲಮ್ಮಾ. ಅವರ ಮನೆಯೊಳಕ್ಕೇ ಹೊಗೆ ಹೋಯ್ತದೆ."

"ಹೋಗ್ಲಿ ಅಂತಲೇ ಹೇಳ್ತಿರೋದು."

ಕಾರ್ತಿ ನಕ್ಕ. ಮೊದಲು ಆಗುವುದಿಲ್ಲ ಎಂದ, ಕಂಪನಿಯವರು ಬೈಯುತ್ತಾರೆ ಎಂದ. ಅಷ್ಟರಲ್ಲಿ ಒಳಗಿನಿಂದ ಮೀನಿನ ಕುಳಂಬು, ಹುಳಿಸಾರು, ಕುದಿಯುವ ವಾಸನೆ ಬಂತು. ಉಂಡು ಕೈ ತೊಳೆದವನು ಡ್ರಿಲ್ಲಿಂಗ್ ಮಷೀನು ತೆಗೆದುಕೊಂಡು ಸಂದಿಗೇ ಇಳಿದ. ಅನ್ನ ಹಾಕಿದ ಮನೆಗೆ ಕನ್ನ ಹಾಕಬಾರದು ಎಂಬ ಗಾದೆ ನಮ್ಮಲ್ಲಿದೆ. ಅನ್ನ ಹಾಕಿದರೆ ಸಾಕು, ಎಲ್ಲಿ ಬೇಕಾದರೂ ಕನ್ನ ಕೊರೆಯುತ್ತಾರೆ.

ಗೋಡೆಯಲ್ಲಿ ಎರಡು ತೂತು ಕೊರೆದು ಎರಡು ಪೈಪು ಕೂಡಿಸಿದ. ಸಂದಿನಲ್ಲಿ ನಿಂತು, ಬಚ್ಚಲೊಳಗಿದ್ದ ಕಣ್ಣಮ್ಮಾಳ್‌ಗೆ ಕೇಳಲಿ ಎಂದು ಗಂಟಲೆತ್ತಿ ಕೂಗಿ ಹೇಳಿದ: "ಮೇಲಿಂದು ಹೊಗೆ ಪೈಪು. ಹೊರಕ್ಕೆ ಚೂರು ಇಳಿಜಾರು ಕೊಟ್ಟಿದ್ದೀನಿ, ಒಳಗೆ ನೀರು ಕಟ್ಟಿದ್ರೆ ಹೊರಕ್ಕೇ ತೊಟ್ಟಿಕ್ಕಲಿ ಅಂತ. ಕೆಳಗಿಂದು ಗಾಳಿ ಪೈಪು. ಹೊರಗಿನ ಗಾಳಿ ಒಳಕ್ಕೆ ಬಂದ್ರೇನೇ ಗ್ಯಾಸು ಸರಿಯಾಗಿ ಉರಿಯೋದು. ಗುಬ್ಬಿ ಗೂಡು ಕಟ್ಟದಂಗೆ ಬಲೆ ಹಾಕಿದ್ದೀನಿ. ಈ ಕೆಳಗಿಂದು ಮಾತ್ರ ಯಾವತ್ತೂ ಅಡೆಯಬೇಡಿ. ಅಡೆದ್ರೆ ಬೆಂಕಿ ಒಳಗಿನ ಉಸುರೆಲ್ಲ ತಿಂದು ವಿಷ ಕಕ್ಕುತ್ತದೆ. ವಾಸನೆ ಬರಲ್ಲ, ಬಣ್ಣ ಇರಲ್ಲ. ಒಳಗಿರೋರು ಕೂಗೋಕೂ ಆಗದೆ ಹಂಗೇ ಮಲಗಿಬಿಡ್ತಾರೆ. ಕೇಳ್ತಾ ಅಮ್ಮಾ?"

"ಕೇಳ್ತು, ಕೇಳ್ತು" ಎಂದಳು ಕಣ್ಣಮ್ಮಾಳ್. ಅವಳ ಗಮನ ಪೈಪಿನ ಬಾಯಿ ಎದುರುಮನೆಯ ಕಿಟಕಿಗೆ ನೇರವಾಗಿದೆಯೇ ಎಂಬುದರ ಮೇಲಿತ್ತು. ಕಿಟಕಿಯ ಹಿಂದೆ ಕತ್ತಲಲ್ಲಿ ನಿಂತಿದ್ದ ವೆಳ್ಳೈಯಮ್ಮಾಳ್‌ಗೆ ಒಂದೊಂದು ಅಕ್ಷರವೂ ಕೇಳಿತು. ಆ ಮನೆಯ ಮಾತನ್ನು ಕದ್ದು ಕೇಳುವುದು ಬಿಟ್ಟರೆ ಅವಳಿಗೆ ಬೇರೆ ಯಾವ ಬಾಳೂ ಉಳಿದಿರಲಿಲ್ಲ. ಯಾರಿಗೆ ಹೇಳಿದನೋ ಅವಳು ಮರೆತಳು, ಯಾರಿಗೆ ಹೇಳಲಿಲ್ಲವೋ ಅವಳಿಗೆ ಬಾಯಿಪಾಠವಾಯಿತು.

ಮರುದಿನದಿಂದ ಬೆಳಗಾದರೆ ಬಿಸಿ ಹೊಗೆ ವೆಳ್ಳೈಯಮ್ಮಾಳ್ ಅಡುಗೆಮನೆಗೆ ನುಗ್ಗಿತು. ಅವಳು ಕಿಟಕಿಯ ಒಂದು ರೆಕ್ಕೆ ಮುಚ್ಚಿ, ಇನ್ನೊಂದನ್ನು ತೆರೆದಿಟ್ಟಳು. ಹೊಗೆ ಬಂದರೆ ಬರಲಿ, ಅದರ ಹಿಂದೆಯೇ ಮುತ್ತುಸೆಲ್ವಿಯ ಸ್ನಾನದ ಚೊಂಬಿನ ಸದ್ದು, ಕೂಸಿನ ಅಳು ಬರುತ್ತಿತ್ತು. ಅಷ್ಟು ಅವಳಿಗೆ ಸಾಕಾಗಿತ್ತು.

ಆಡಿ ತಿಂಗಳು, ನಿಮ್ಮ ಆಷಾಢ, ಹುಟ್ಟಿತು. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎನ್ನುತ್ತಾರೆ ನಮ್ಮ ಕಡೆ. ಬೆಟ್ಟದಿಂದ ಇಳಿದ ಗಾಳಿ ಸಂದಿನಲ್ಲಿ ಶಿಳ್ಳೆ ಹಾಕಿಕೊಂಡು ಬಂದು ಕೆಳಗಿನ ಪೈಪಿನಿಂದ ಬಚ್ಚಲಿಗೆ ನುಗ್ಗಿತು. ಬಾಣಂತಿಗೆ ಗಾಳಿ ಎಂದರೆ ಯಮ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಕೋಣೆಯ ಕಿಟಕಿಗೆ ಗೋಣಿ ಹೊಡೆದಿದ್ದ ಕಣ್ಣಮ್ಮಾಳ್ ಇದನ್ನು ಸಹಿಸುವಳೇ? ಮೇಲಾಗಿ ಆ ಪೈಪಿನ ಬಾಯಿ ಇದ್ದದ್ದು ಬಂಜೆಯ ಕಿಟಕಿಯ ಎದುರಿಗೆ. ಗಾಳಿಯ ಜೊತೆ ಕಣ್ಣೂ ಒಳಗೆ ಬರುತ್ತದೆ. ಮುತ್ತುಸೆಲ್ವಿಯ ಹಳೆಯ ಗಿಳಿಹಸಿರು ಸೀರೆಯೊಂದನ್ನು ಹರಿದು, ಸಂದಿಗೆ ಬಂದು, ಬಲೆ ಕಿತ್ತು, ಪೈಪಿನೊಳಕ್ಕೆ ತುರುಕಿದಳು. ಬಚ್ಚಲ ಕಿಟಕಿಗೂ ಹಲಗೆ ಹೊಡೆಸಿದಳು.

ವೆಳ್ಳೈಯಮ್ಮಾಳ್ ನೋಡಿದಳು. ಬಾಯಿ ತೆರೆದಳು, ಆಣೆ ನೆನಪಾಯಿತು, ಮುಚ್ಚಿದಳು. ಬಾಯಿ ಬಿಟ್ಟರೆ ಸಾಯುವುದು ತನ್ನ ಕೂಸೇ, ಬಿಡದಿದ್ದರೂ ಅದೇ. ಆಮೇಲೆ ಹೊಳೆಯಿತು. ಸಂದಿನ ತುದಿಯಲ್ಲಿ ಕಟ್ಟಿದ್ದ ಕೆಂದ ಹಸುವಿನ ಹತ್ತಿರ ಹೋಗಿ ಕತ್ತು ಸವರುತ್ತಾ ಗಟ್ಟಿಯಾಗಿ ಹೇಳಿದಳು:

"ಸೆವಲೀ, ಗಾಳಿ ಬರೋ ದಾರೀನ ಅಡೆದ್ರೆ ಬೆಂಕಿ ಒಳಗಿನ ಉಸುರೆಲ್ಲ ತಿಂತದೆ ಕಣೇ. ಒಳಗಿರೋ ಕೂಸು ಕೂಗ್ದಂಗೇ ಮಲಗಿಬಿಡ್ತದೆ."

ಆ ಸಂದಿನಲ್ಲಿ ಅದುವರೆಗೆ ಬಂದ ಜಾಡೆಯೆಲ್ಲ ಬೈಗುಳವೇ. ಕಣ್ಣಮ್ಮಾಳ್‌ಗೆ ಇದು ಬೇರೆ ಹೇಗೆ ಕೇಳಬೇಕು? ಬಾಣಂತಿ ಮನೆಯ ಗೋಡೆಗೆ ಬಾಯಿಟ್ಟು ಕೂಸು ಮಲಗಿಬಿಡುತ್ತದೆ ಎನ್ನುತ್ತಾಳೆ ಬಂಜೆ! ಕಣ್ಣಮ್ಮಾಳ್ ಒರಳುಕಲ್ಲಿನ ಮುಂದೆ ನಿಂತು, "ಹೆರದವಳ ನಾಲಗೆ ಹುಳ ಬಿದ್ದು ಹೋಗ್ಲಿ. ಅವಳು ಹೇಳಿದ್ದು ಅವಳಿಗೇ ತಾಕ್ಲಿ" ಎಂದು ಮೂರು ಮನೆಗೆ ಕೇಳುವಂತೆ ಹೇಳಿ, ಮಗಳಿಗೂ ಮೊಮ್ಮಗನಿಗೂ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಮುತ್ತುಸೆಲ್ವಿಗೆ ಸ್ನಾನ ಮಾಡಿ ಬಂದರೆ ತಲೆನೋವು ಶುರುವಾಯಿತು. ವಾಂತಿ ಮಾಡಿಕೊಂಡಳು. ಬಾಣಂತಿಯ ನಿಶ್ಶಕ್ತಿ ಎಂದರು ಕೆಲವರು, ಕಣ್ಣಮ್ಮಾಳ್ ಮಾತ್ರ ಎದುರುಮನೆಯ ಬಾಯಿ ಎಂದಳು. ವಾಂತಿಯ ಸದ್ದು ಕೇಳಿದಾಗೆಲ್ಲ ವೆಳ್ಳೈಯಮ್ಮಾಳ್ ಹಸುವಿನ ಹತ್ತಿರ ಓಡುತ್ತಿದ್ದಳು. ಅರ್ಥವಾಗಲಿಲ್ಲವೇನೋ ಎಂದು ಪ್ರತಿ ಸಲವೂ ಇನ್ನಷ್ಟು ಬಿಡಿಸಿ ಹೇಳಿದಳು. "ಸೆವಲೀ, ಆ ಸೀರೆ ತೆಗೀದಿದ್ರೆ ಆಡಿ ಮುಗಿಯೋದ್ರೊಳಗೆ ಆ ಮನೇಲಿ ಸಾವಾಯ್ತದೆ!" ಬಿಡಿಸಿ ಹೇಳಿದಷ್ಟೂ ಶಾಪ ದೊಡ್ಡದಾಯಿತು. ಬೀದಿಯ ಹೆಂಗಸರು ಆ ಸಂದಿನ ಕಡೆ ಮಕ್ಕಳನ್ನು ಬಿಡುವುದನ್ನು ನಿಲ್ಲಿಸಿದರು.

ಎರಡೂ ಮನೆಗೆ ಬರುತ್ತಿದ್ದವಳೆಂದರೆ ಹಾಲು ಕೊಳ್ಳುವ ಅಮುದಾ ಒಬ್ಬಳೇ. ವೆಳ್ಳೈಯಮ್ಮಾಳ್ ಅವಳ ಕಾಲು ಹಿಡಿದು ಬೇಡಿಕೊಂಡಳು. ಅಮುದಾ ಹೆದರುತ್ತಲೇ ಹೋಗಿ, ತನಗೇ ಹೊಳೆದ ಹಾಗೆ, "ಅತ್ತೆ, ಆ ಪೈಪಿಗೆ ಬಟ್ಟೆ ಯಾಕೆ, ತೆಗೆದುಬಿಡಿ" ಎಂದಳು. ಕಣ್ಣಮ್ಮಾಳ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮನೆ ಹಾಲು ಕುಡಿದು ಬಂದೆ? ಮುರಿದ ಕಡ್ಡಿ ಕಟ್ಟೋಕೆ ಬಂದ್ಯಾ? ನಿನ್ನ ಮಕ್ಳು ನೆಟ್ಟಗವೆಯಾ?" ಎಂದು ಕೇಳಿದಳು. ಅಮುದಾ ಆಮೇಲೆ ಎರಡು ಮನೆಗೂ ಬರಲಿಲ್ಲ.

ಮಾತು ಸಾಗದ ಮೇಲೆ ವೆಳ್ಳೈಯಮ್ಮಾಳ್ ಕೈಗೆ ಕೆಲಸ ಕೊಟ್ಟಳು. ಕಣ್ಣಮ್ಮಾಳ್ ತೋಟಕ್ಕೆ ಹೋದ ಹೊತ್ತು ನೋಡಿ, ನುಗ್ಗೆಕಾಯಿ ಕೀಳುವ ದೋಟಿಯನ್ನು ಕಿಟಕಿಯಿಂದ ತೂರಿಸಿ, ಕೊಕ್ಕೆಗೆ ಸೀರೆಯ ತುದಿ ಸಿಕ್ಕಿಸಿ ಎಳೆದಳು. ಸೀರೆ ಬಂತು. ಮಗುವಿನ ಮೈ ಒರೆಸಿದ ಹಾಗೆ ಅದನ್ನು ಕೊಡವಿ ಮಡಿಸಿ ಎದೆಗೆ ಒತ್ತಿಕೊಂಡು ನಿಂತಿದ್ದಾಗ, ಮರೆತ ಕುಡುಗೋಲಿಗೆಂದು ತಿರುಗಿ ಬಂದ ಕಣ್ಣಮ್ಮಾಳ್ ಕಣ್ಣಿಗೆ ಬಿದ್ದಳು.

ಬಾಣಂತಿ ಉಟ್ಟ ಬಟ್ಟೆ ಬೇರೆಯವರ ಕೈಗೆ ಹೋದರೆ ಏನಾಗುತ್ತದೆ ಎಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಅದೂ ಬಂಜೆಯ ಕೈಗೆ, ಅದೂ ಕದ್ದು. ಕಣ್ಣಮ್ಮಾಳ್ ಬೀದಿಗೆ ಬಂದು ಮಣ್ಣು ತೂರಿದಳು. ಪಳನಿಸಾಮಿ ಗೌಡರು ಬಂದು ವೆಳ್ಳೈಯಮ್ಮಾಳ್ ಬಾಗಿಲಲ್ಲಿ ನಿಂತು, "ಮಾಟಗೀಟ ಅಂತ ಇನ್ನೊಂದು ಮಾತು ಬಂದ್ರೆ ಊರು ಬಿಡಿಸ್ತೀವಿ, ತಿಳ್ಕೊ" ಎಂದರು. ಅವರೊಡನೆ ಮಾತಾಡಲು ಆಣೆಯ ಅಡ್ಡಿ ಇರಲಿಲ್ಲ. ಅವಳು ಅಳುತ್ತಾ ಪೈಪು, ಗಾಳಿ, ವಿಷ ಎಂದು ಎಲ್ಲವನ್ನೂ ಹೇಳಿದಳು. "ವಿಷ ನಿನ್ನ ಬಾಯಲ್ಲೇ ಅದೆ" ಎಂದು ಗೌಡರು ಹೊರಟುಹೋದರು. ಗೌಡರಿಗೆ ಅವತ್ತು ಉತ್ತಮಪಾಳ್ಯದಲ್ಲಿ ಒಂದು ಸೀಮಂತದ ಊಟವಿತ್ತು.

ಆ ಸಂಜೆಯೇ ಕಣ್ಣಮ್ಮಾಳ್ ಪೈಪಿಗೆ ಇನ್ನೊಂದು ಸೀರೆ ತುರುಕಿ, ಯಾವ ದೋಟಿಯೂ ಎಳೆಯದಂತೆ ಮೇಲೆ ಸಗಣಿ ಮಣ್ಣು ಕಲಸಿ ಮೆತ್ತಿದಳು. ಮೆತ್ತುವಾಗ ತಾಯಿಯ ಪ್ರೀತಿಯಿಂದಲೇ ಮೆತ್ತಿದಳು, ಅದರಲ್ಲಿ ಸಂಶಯವಿಲ್ಲ. ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದಳು.

ಬೆಳಿಗ್ಗೆ ಕೂಸಿಗೆ ಹಿತ್ತಲ ಬಿಸಿಲಲ್ಲಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು ಕಣ್ಣಮ್ಮಾಳ್. ಮುತ್ತುಸೆಲ್ವಿ ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡಳು. ವೆಳ್ಳೈಯಮ್ಮಾಳ್ ಕಿಟಕಿಯಲ್ಲಿ ನಿಂತಿದ್ದಳು. ಚೊಂಬಿನ ಸದ್ದು ಬಂತು. ಆಮೇಲೆ ಚೊಂಬು ಬಿದ್ದ ಸದ್ದು. ಆಮೇಲೆ ಸದ್ದೇ ಇಲ್ಲ. ಬಚ್ಚಲ ಮೋರಿಯಿಂದ ಸಂದಿಗೆ ಬಿಸಿನೀರು ಮಾತ್ರ ಬರುತ್ತಲೇ ಇತ್ತು, ಹಬೆಯಾಡುತ್ತಾ ಹಸುವಿನ ಕಾಲಿನವರೆಗೆ ಹರಿಯಿತು.

ವೆಳ್ಳೈಯಮ್ಮಾಳ್ ಮೊದಲು ಹಸುವಿನ ಕಡೆ ತಿರುಗಿದಳು. ಬಾಯಿಗೆ ಬಂದ ಮಾತನ್ನು ಅಲ್ಲಿಯೇ ಬಿಟ್ಟು ಬೇಲಿ ಹಾರಿ, ಕಣ್ಣಮ್ಮಾಳ್ ಎದುರಿಗೆ ಹೋಗಿ ನಿಂತು, ಅವಳ ಮುಖ ನೋಡಿ ಕಿರುಚಿದಳು:

"ಅಕ್ಕಾ! ಬಾಕ್ಲು ಒಡಿ! ಕೂಸು ಒಳಗೆ ಬಿದ್ದವ್ಳೆ! ನಿನ್ ಕಾಲು ಹಿಡೀತೀನಿ ಅಕ್ಕಾ, ಬಾಕ್ಲು ಒಡಿ!"

ಕಣ್ಣಮ್ಮಾಳ್ ಎಣ್ಣೆ ಕೈ ಮೇಲೆತ್ತಿದಳು. ಅವಳ ಮುಖದಲ್ಲಿ ಮೊದಲು ಮೂಡಿದ್ದು ನಗು. ಇದನ್ನು ನೋಡಿದವರಿದ್ದಾರೆ. ಇಷ್ಟು ದಿನ ಕಾದ ಗೆಲುವು ಕಾಲಬುಡಕ್ಕೇ ಬಂದು ಬಿದ್ದಿತ್ತು. "ಮಾತಾಡಿದ್ಳು! ಮೊದ್ಲು ಬಾಯಿ ಬಿಟ್ಟಿದ್ದು ಅವಳು! ಬನ್ರೋ, ಕೇಳ್ರೋ! ಪಳನಿಸಾಮಿ ಮಾವಾ, ಬಾ, ನೋಡು! ಎಲ್ಲಾರೂ ಸಾಕ್ಷಿ!" ಎಂದು ಕೂಸನ್ನು ಎತ್ತಿಕೊಂಡು ಬೀದಿಗೆ ಓಡಿದಳು. ಜನ ಸೇರಿದರು. ಏನೆಂದಳು, ಯಾವ ಮಾತು ಮೊದಲು ಅಂದಳು, ಮುಖ ನೋಡಿ ಅಂದಳೋ ಇಲ್ಲವೋ ಎಂದು ಗೌಡರು ವಿಚಾರಿಸತೊಡಗಿದರು. ವೆಳ್ಳೈಯಮ್ಮಾಳ್ ಒಬ್ಬಳೇ ಬಚ್ಚಲ ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದಳು. ಆ ಬಾಗಿಲು ಗಾಳಿ ನುಸುಳಬಾರದೆಂದು ಹೊಸದಾಗಿ ಮಾಡಿಸಿದ ಹಲಸಿನ ಬಾಗಿಲು. ಅವಳನ್ನು ಹೆಂಗಸರು ಬಾಣಂತಿಯ ಬಾಗಿಲು ಮುಟ್ಟಬೇಡ ಎಂದು ಜುಟ್ಟು ಹಿಡಿದು ಎಳೆದರು. ಒಳಗಿನಿಂದ ಯಾಕೆ ಯಾರೂ ಮಾತಾಡುತ್ತಿಲ್ಲ ಎಂದು ಯಾರಿಗೋ ಕೊನೆಗೆ ಅನ್ನಿಸಿತು.

ಬಾಗಿಲು ಒಡೆದಾಗ ಮುತ್ತುಸೆಲ್ವಿ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಕೆಂಪಾಗಿತ್ತು. ಮದುವೆಯ ದಿನಕ್ಕಿಂತ ಚೆನ್ನಾಗಿ ಕಂಡಳು ಎಂದು ಹೇಳಿದವರುಂಟು.

ಹಸಿ ಬಾಣಂತಿಯ ಹೆಣ ಕುಯ್ಯಲು ಯಾರು ಬಿಡುತ್ತಾರೆ? ಆಸ್ಪತ್ರೆಗೆ ಒಯ್ಯಲಿಲ್ಲ. ಮುತ್ತುಕುಮಾರ್ ದಿಂಡುಕಲ್ಲಿನಿಂದ ಬಂದವನು ಕಾರ್ತಿಯನ್ನೂ ಎಳೆದುಕೊಂಡು ಬಂದು, "ನಿನ್ನ ಮಷೀನಿನಲ್ಲಿ ಏನಾದ್ರೂ ತಪ್ಪಿದ್ಯಾ ನೋಡು" ಎಂದ. ಕಾರ್ತಿ ಸಂದಿಗೆ ಇಳಿದು ಸಗಣಿ ಮೆತ್ತಿದ ಪೈಪನ್ನು ನೋಡಿದ. ಅವನಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ಆದರೆ ಸಗಣಿಯ ಮಾತೆತ್ತಿದರೆ, ಬಾಯ್ಲರನ್ನು ಬಚ್ಚಲೊಳಗೆ ಯಾಕೆ ಇಟ್ಟೆ, ಸಂದಿಗೆ ಯಾಕೆ ತೂತು ಹೊಡೆದೆ ಎಂಬ ಮಾತೂ ಏಳುತ್ತದೆ. ಕೈಯೊರೆಸಿಕೊಂಡು ಮೇಲೆ ಬಂದು, "ಫಿಟ್ಟಿಂಗಲ್ಲಿ ಒಂದು ಕುಂದೂ ಇಲ್ಲ ಅಣ್ಣಾ. ಪಾಪ, ತಲೆ ಸುತ್ತಿರಬೇಕು" ಎಂದ.

"ಮಷೀನಲ್ಲ ಮಾಪ್ಳೆ" ಎಂದರು ಗೌಡರು ಅಳಿಯನಿಗೆ. "ಆಣೆ. ಅವಳು ಬಾಯಿ ಬಿಟ್ಟ ಗಳಿಗೇಲೇ ಹೋಯ್ತು ಉಸುರು."

ವೆಳ್ಳೈಯಮ್ಮಾಳ್ ಅಂಗಳದ ಮೂಲೆಯಲ್ಲಿ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಪೈಪಿನ ಮಾತು ಆ ಊರಲ್ಲಿ ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ. ಆದರೆ ಅವಳೂ ನಮ್ಮವಳೇ, ಅದೇ ದೊಡ್ಡಿಯ ಮುಂದೆ ಕೈ ಮುಗಿದು ಬೆಳೆದವಳು. ತಾನು ಕಿರುಚುವ ಮೊದಲು ತಾನು ಸಾಕಿದ ಕೂಸು ಬದುಕಿತ್ತೇನೋ. ಕಿರುಚಿದ ಮೇಲೆ ಸತ್ತಿತ್ತು. ಎರಡು ಕೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. "ನಾನೇ ಕೊಂದೆ, ನನ್ ಕಣ್ಣೇ, ನಾನೇ ಕೊಂದೆ" ಎಂದು ಅತ್ತಳು. ಆ ದಿನ ಅವಳು ಹೇಳಿದ್ದರಲ್ಲಿ ಊರು ನಂಬಿದ್ದು ಇದೊಂದನ್ನೇ.

ಅಂಗಡಿ ಬಿಟ್ಟು ಹಸುಗೂಸು ಸಾಕಲು ಮುತ್ತುಕುಮಾರ್‌ಗೆ ಆಗುವುದೇ? ಮೊಮ್ಮಗ ಕಣ್ಣಮ್ಮಾಳ್ ಹತ್ತಿರವೇ ಉಳಿದ. ಎದುರುಮನೆಯ ಬಾಯಿ ಇನ್ನೊಮ್ಮೆ ಒಳಗೆ ಬರಬಾರದೆಂದು ಅವಳು ಮೇಸ್ತ್ರಿ ಕರೆಸಿ ಕೆಳಗಿನ ಪೈಪಿಗೆ ಸಿಮೆಂಟು ಹಾಕಿಸಿದಳು. ಕೂಸಿಗೆ ಈಗ ಕತ್ತು ನಿಂತಿದೆ. ಹಿತ್ತಲಲ್ಲಿ ಕಣ್ಣು ಬೀಳುತ್ತದೆಂದು ಬಚ್ಚಲೊಳಗೇ ಕೂರಿಸಿ, ಬಾಗಿಲು ಮುಚ್ಚಿ, ಬಾಯ್ಲರ್ ಹಚ್ಚಿ ನೀರು ಹಾಕುತ್ತಾಳೆ.

ಮೊದಲ ದಿನ ಬಾಯ್ಲರ್ ಹೊತ್ತಿದ ಸದ್ದಿಗೆ ವೆಳ್ಳೈಯಮ್ಮಾಳ್ ಕಿಟಕಿಗೆ ಓಡಿ ಬಂದಳು. ಸಿಮೆಂಟು ನೋಡಿದಳು. ಒಳಗೆ ಕೂಸು ನೀರು ಬಡಿದು ಕೇಕೆ ಹಾಕುತ್ತಿತ್ತು. ಅವಳ ಬಾಯಿ ತೆರೆಯಿತು. ತೆರೆದದ್ದು ತಿಳಿದ ಕೂಡಲೇ ಸೆರಗಿನ ತುದಿಯನ್ನು ಗಂಟಲವರೆಗೆ ತುರುಕಿಕೊಂಡು ಕಿಟಕಿಯ ಎರಡೂ ರೆಕ್ಕೆ ಎಳೆದು ಮುಚ್ಚಿದಳು.

ಆವತ್ತಿನಿಂದ ಅವಳು ಯಾರೊಡನೆಯೂ ಮಾತಾಡಿಲ್ಲ, ಹಸುವಿನೊಡನೆಯೂ ಇಲ್ಲ. ಈಗಲಾದರೂ ಬುದ್ಧಿ ಬಂತಲ್ಲ ಎನ್ನುತ್ತಾರೆ ಬೀದಿಯವರು. ಕೂಸು ಸ್ನಾನವಾದ ಮೇಲೆ ದಿನಾ ಹಾಲು ಕಕ್ಕುತ್ತದಂತೆ. ಹಲ್ಲು ಬರುವ ಕಾಲ, ಹಾಗೇ ಇರುತ್ತದೆ ಎನ್ನುತ್ತಾಳೆ ಕಣ್ಣಮ್ಮಾಳ್.